ಅಲಮೇಲಮ್ಮನ ಅರವತ್ತೊಂದು

ತುಮಕೂರಿನ ಒಂದು ಜೂನಿಯರ್ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ದಿನವೂ ಎರಡೆರಡು ಸಲ ನಡೆಯುತ್ತಿತ್ತು. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಎರಡನ್ನೂ ನಡೆಸುತ್ತಿದ್ದವರು ಒಬ್ಬರೇ, ಗುಬ್ಬಿಯಿಂದ ಬಂದ ಲೆಕ್ಚರರ್ ಅಲಮೇಲಮ್ಮ. ಆಗ, ಅಂದರೆ ೧೯೮೧ರಲ್ಲಿ, ಅವರಿಗೆ ಇಪ್ಪತ್ತೆಂಟು ವರ್ಷ. ಎತ್ತರ ಐದಡಿಗೆ ಒಂದು ಬೆರಳು ಕಮ್ಮಿ. ಗಂಟಲು ಮಾತ್ರ ಪಕ್ಕದ ಕೆಮಿಸ್ಟ್ರಿ ಕೋಣೆಯವರು ಬಾಗಿಲು ಹಾಕಿಕೊಳ್ಳುವಷ್ಟು ದೊಡ್ಡದು.

“ಗಾಡಿ ಹೊಡೆಯೋನು ಎತ್ತನ್ನ ಗಕ್ಕನೆ ನಿಲ್ಲಿಸಿದ. ಮೂಟೆ ಮೇಲೆ ಕೂತೋನು ಏನಾದ?” ಎಂದು ಕೇಳುವರು.

“ಮುಂದಕ್ಕೆ ಮುಗ್ಗರಿಸಿದ ಮೇಡಂ,” ಎಂದು ಹಳ್ಳಿಯ ಮಕ್ಕಳೆಲ್ಲ ಒಟ್ಟಿಗೆ ಹೇಳುವರು.

“ಯಾಕೆ?”

“ಜಡತ್ವ.”

“ಸರಿ. ಈಗ ಅದನ್ನೇ ಇಂಗ್ಲಿಷಲ್ಲಿ ಹೇಳೋಣ. ಹೊಸದೇನೂ ಇಲ್ಲ, ಅದೇ ಗಾಡಿ, ಅದೇ ಮೂಟೆ.”

ಹಾಗೆಂದು ಬೋರ್ಡಿನ ಕಡೆ ತಿರುಗಿ ಇಂಗ್ಲಿಷ್ ವಾಕ್ಯ ಬರೆಯುವರು. ಆದರೆ ಬರೆಯುತ್ತಿದ್ದುದು ಕನ್ನಡ ಅಕ್ಷರದಲ್ಲಿ. ‘ಎ ಬಾಡಿ ಅಟ್ ರೆಸ್ಟ್ ರಿಮೇನ್ಸ್ ಅಟ್ ರೆಸ್ಟ್’ ಎಂದು ಗುಂಡಗೆ, ಹಿಂದಿನ ಬೆಂಚಿಗೂ ಕಾಣುವಂತೆ. ಅದೇ ವಾಕ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಬೋರ್ಡಿನ ತಳದಲ್ಲಿ ಚಿಕ್ಕದಾಗಿ ಗೀಚುವರು. ಮಕ್ಕಳು ಮೇಲಿನದನ್ನು ಗಟ್ಟಿಯಾಗಿ ಓದುವರು. ಮೂರು ದಿನ ಹೀಗೆ ಓದಿದರೆ ವಾಕ್ಯ ರಾಗಿಮುದ್ದೆಯಷ್ಟೇ ಸಲೀಸಾಗಿ ಅವರಿಗೆ ಇಳಿದುಬಿಡುತ್ತಿತ್ತು.

ಇದೆಂಥ ಹುಚ್ಚು ಎಂದು ನಿಮಗನ್ನಿಸಬಹುದು. ಸರ್ಕಾರದ ಏರ್ಪಾಡು ನೋಡಿ, ಆಮೇಲೆ ಹುಚ್ಚು ಯಾರದೆಂದು ಹೇಳುವಿರಂತೆ. ಹಳ್ಳಿಯ ಮಗು ಎಬಿಸಿಡಿ ನೋಡುತ್ತಿದ್ದುದೇ ಐದನೆಯ ಕ್ಲಾಸಿನಲ್ಲಿ. ಹತ್ತನೆಯ ಕ್ಲಾಸಿನವರೆಗೆ ಲೆಕ್ಕ, ವಿಜ್ಞಾನ, ಸಮಾಜ ಎಲ್ಲವೂ ಕನ್ನಡದಲ್ಲಿ. ವಕ್ರೀಭವನ, ವೇಗೋತ್ಕರ್ಷ, ಗುರುತ್ವಾಕರ್ಷಣೆ ಎಂದು ಬಾಯಿಪಾಠ ಮಾಡಿ, ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಜೂನ್ ತಿಂಗಳಲ್ಲಿ ಪಿಯುಸಿಗೆ ಬಂದು ಕೂತರೆ ಕನ್ನಡದ ಒಂದು ಪದವೂ ಕೇಳಿಸದು. ಎರಡು ತಿಂಗಳ ಬೇಸಗೆ ರಜೆಯಲ್ಲಿ ಮಕ್ಕಳು ಮಾವಿನಹಣ್ಣಿನ ಜೊತೆ ಇಂಗ್ಲಿಷನ್ನೂ ನುಂಗಿಕೊಂಡು ಬರುತ್ತಾರೆಂದು ಯಾರು ಎಣಿಸಿದ್ದರೋ ಆ ಭಗವಂತನಿಗೇ ಗೊತ್ತು. ಪಿಯುಸಿ ಸೈನ್ಸಿಗೆ ಸೇರಿದ ಹಳ್ಳಿಯವರಲ್ಲಿ ಅರ್ಧಕ್ಕರ್ಧ ಜನ ಅಲ್ಲೇ ಮುಗ್ಗರಿಸುತ್ತಿದ್ದರು. ಊರಿನವರು ಅದಕ್ಕೆ ‘ತಲೆ ಓಡ್ನಿಲ್ಲ’ ಎಂದು ಹೆಸರಿಟ್ಟು ಸುಮ್ಮನಾಗುತ್ತಿದ್ದರು.

ಅಲಮೇಲಮ್ಮನಿಗೆ ಇದು ಓದಿ ತಿಳಿದದ್ದಲ್ಲ. ಮನೆಯಲ್ಲಿ ಅಯ್ಯಂಗಾರರ ಕಲಬೆರಕೆ ತಮಿಳು, ಬೀದಿಯಲ್ಲಿ, ಸ್ಕೂಲಿನಲ್ಲಿ ಕನ್ನಡ. ಎರಡಕ್ಕೂ ಎಂದೂ ಜಗಳವಾಗಿರಲಿಲ್ಲ. ೧೯೭೦ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಸ್ಕೂಲಿಗೇ ಮೊದಲು ಬಂದು, ಗುಬ್ಬಿಯಿಂದ ಪ್ಯಾಸೆಂಜರ್ ರೈಲು ಹತ್ತಿ ತುಮಕೂರಿನ ಕಾಲೇಜಿಗೆ ಬಂದ ಮೊದಲ ದಿನ, ಲೆಕ್ಚರರು ಒಂದು ಗಂಟೆ ಮಾತಾಡಿದರು. ಹುಡುಗಿಗೆ ಅರ್ಥವಾದದ್ದು ಅಟೆಂಡೆನ್ಸ್ ಕರೆದಾಗಿನ ತನ್ನ ಹೆಸರು ಮಾತ್ರ. ಹದಿನೈದು ದಿನ ಅತ್ತಳು. ಹದಿನಾರನೆಯ ದಿನ ಅಳು ಸಾಕೆನಿಸಿ, ಲೆಕ್ಚರರ ಬಾಯಿಂದ ಬಿದ್ದದ್ದನ್ನೆಲ್ಲ ಕಿವಿಗೆ ಕೇಳಿಸಿದ ಹಾಗೇ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳತೊಡಗಿದಳು. ಕೈಗೆ ವೇಗ ಬಂತು. ರೈಲಿನಲ್ಲಿ ಅದನ್ನೇ ಓದುತ್ತ ಓದುತ್ತ ಅರ್ಥವೂ ಬಂತು. ಪಿಯುಸಿ, ಬಿಎಸ್ಸಿ, ಎಮ್ಮೆಸ್ಸಿ ಎಲ್ಲ ಆ ಬಲದ ಮೇಲೆ ದಾಟಿದ್ದು. ಹಾಗಾಗಿ ತಾವು ಲೆಕ್ಚರರಾದಾಗ ಅದೇ ದಾರಿಯನ್ನು ಮಕ್ಕಳಿಗೂ ಹಾಕಿಕೊಟ್ಟರು.

ಕಾಲೇಜಿನಲ್ಲಿ ಇದು ಯಾರಿಗೂ ಹಿಡಿಸಲಿಲ್ಲ. ಆ ವರ್ಷವಂತೂ ಭಾಷೆಯ ಮಾತೆತ್ತಿದರೆ ಕಿಡಿ ಹಾರುವ ಕಾಲ. ಹೈಸ್ಕೂಲಿನಲ್ಲಿ ಕನ್ನಡವನ್ನು ಮುಟ್ಟದೆಯೇ ಬೇರೊಂದು ಭಾಷೆಯನ್ನು ಮೊದಲ ಭಾಷೆಯಾಗಿ ಓದಿ ಪಾಸಾಗಬಹುದಿತ್ತು. ಹಾಗಾಗಕೂಡದು, ಕನ್ನಡವೇ ಎಲ್ಲರಿಗೂ ಮೊದಲ ಭಾಷೆಯಾಗಲಿ ಎಂದು ಸಮಿತಿಯೊಂದು ವರದಿ ಕೊಟ್ಟಿತ್ತು. ಸರ್ಕಾರ ಹಿಂದೆ ಮುಂದೆ ನೋಡುತ್ತಿತ್ತು. ಪರವಾಗಿ ಮೆರವಣಿಗೆ, ವಿರುದ್ಧವಾಗಿ ಮನವಿ. ಸ್ಟಾಫ್ ರೂಮಿನಲ್ಲಿ ಕಾಫಿ ಆರಿಹೋದರೂ ವಾದ ಆರುತ್ತಿರಲಿಲ್ಲ.

ಕನ್ನಡದ ಲೆಕ್ಚರರ್ ಸೀತಾರಾಮಯ್ಯನವರು ಚಳವಳಿಯ ಮುಂದಾಳು. ಖಾದಿ ಜುಬ್ಬ, ಹೆಗಲಿಗೆ ಚೀಲ, ಚೀಲದಲ್ಲಿ ಕರಪತ್ರ. ಒಳ್ಳೆಯ ಮನುಷ್ಯರು, ಹಳ್ಳಿ ಮಕ್ಕಳ ಫೀಸು ಎಷ್ಟೋ ಸಲ ತಾವೇ ಕಟ್ಟಿದವರು. ಅಲಮೇಲಮ್ಮ ಕನ್ನಡದಲ್ಲಿ ಫಿಸಿಕ್ಸ್ ಹೇಳುತ್ತಾರೆಂದು ಕೇಳಿ ಹಿಗ್ಗಿ, “ನೀವು ನಮ್ಮವರು ಕಣ್ರೀ,” ಎಂದು ಕೊಂಡಾಡಿದ್ದರು. ಮರುವಾರ ಆ ಕೋಣೆಯ ಮುಂದೆ ಹಾದುಹೋಗುವಾಗ ಬೋರ್ಡನ್ನು ನೋಡಿದರು.

“ಇದೇನು ಅಪಚಾರ ಅಲಮೇಲಮ್ಮನವರೇ? ನಮ್ಮ ಅಕ್ಷರದಲ್ಲಿ ಅವರ ಭಾಷೆಯೇ? ಕನ್ನಡದಲ್ಲಿ ಹೇಳೋದಾದ್ರೆ ಪೂರ್ತಿ ಕನ್ನಡದಲ್ಲಿ ಹೇಳಿ.”

“ಹೇಳ್ತೀನಿ ಮೇಷ್ಟ್ರೇ. ಪರೀಕ್ಷೆಯಲ್ಲಿ ಪೂರ್ತಿ ಕನ್ನಡದಲ್ಲಿ ಬರೆದ್ರೆ ಮಾರ್ಕ್ಸ್ ಕೊಡಿಸ್ತೀರಾ?”

“ಅದಕ್ಕೇ ಅಲ್ವೇ ನಾವು ಹೋರಾಡ್ತಿರೋದು?”

“ನೀವು ಹೋರಾಡಿ ಗೆಲ್ಲೋ ಹೊತ್ತಿಗೆ ಈ ಮಕ್ಕಳಿಗೆ ಮಕ್ಕಳಾಗಿರುತ್ತೆ.”

ಪ್ರಿನ್ಸಿಪಾಲ್ ವೆಂಕಟೇಶಯ್ಯನವರದು ಇನ್ನೊಂದು ರಾಗ. ಅವರು ಇಂಗ್ಲಿಷ್ ಲೆಕ್ಚರರಾಗಿ ಬಡ್ತಿ ಪಡೆದವರು, ಅಲ್ಪವಿರಾಮ ಜಾರಿದರೂ ಪೇಪರಿಗೆ ಕೆಂಪು ಶಾಯಿ ಬಳಿಯುವವರು. “ಇಂಗ್ಲಿಷ್ ಅಕ್ಷರಕ್ಕೇನು ಬರಗಾಲವೇ ಮೇಡಂ? ನೀರಿಗೆ ಇಳೀದೆ ಈಜು ಬರುತ್ತಾ?” ಎಂದು ಕೇಳಿದ್ದರು. ನೀರಿಗೆ ನೂಕಿದವರಲ್ಲಿ ಎಷ್ಟು ಜನ ಮೇಲೆ ಬಂದರೆಂದು ಅಲಮೇಲಮ್ಮ ತಿರುಗಿ ಕೇಳಬೇಕೆಂದಿದ್ದರು. ಕೆಲಸ ಕಾಯಂ ಆಗಿ ಇನ್ನೂ ವರ್ಷವಾಗಿರಲಿಲ್ಲ. ಬಾಯಿ ಕಟ್ಟಿಕೊಂಡರು.

ಬಟವಾಡಿಯ ಬಾಡಿಗೆ ಮನೆಯಲ್ಲಿ ಗಂಡ ಸುಬ್ಬಕೃಷ್ಣನ ಹತ್ತಿರ ಮಾತ್ರ ಎಲ್ಲ ಕಕ್ಕುತ್ತಿದ್ದರು. ಅವನು ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. “ನಮ್ಮಲ್ಲಿ ಎಲ್ಲಾರೂ ಹಾಗೇ ಬರ್ಕೊಳ್ಳೋದು ಕಣೇ,” ಎಂದು ಅವನು ಸಮಾಧಾನ ಹೇಳುವನು. “ಬೇರಿಂಗು, ಬೋಲ್ಟು, ಗ್ಯಾಸ್ಕೆಟ್ಟು, ಎಲ್ಲಾ ಕನ್ನಡದಲ್ಲೇ ಚೀಟಿ. ಮಿಷಿನ್ ಏನೂ ಬೇಜಾರು ಮಾಡ್ಕೊಳ್ದೆ ಓಡ್ತಿದೆ.” ಮಿಷಿನ್ನು ಪೇಪರು ತಿದ್ದುವುದಿಲ್ಲವೆಂಬುದು ಇಬ್ಬರಿಗೂ ಆಗ ಹೊಳೆಯಲಿಲ್ಲ.

ಆ ವರ್ಷದ ಕ್ಲಾಸಿನಲ್ಲಿ ನಿಂಗಮ್ಮ ಎಂಬ ಹುಡುಗಿಯೊಬ್ಬಳಿದ್ದಳು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯವಳು, ಬೇಸಾಯಗಾರ ಅಂಜಿನಪ್ಪನ ಮಗಳು. ಅವಳ ಮನೆತನದಲ್ಲಿ ಹತ್ತನೆಯ ಕ್ಲಾಸು ದಾಟಿದ ಹೆಣ್ಣು ಅವಳೊಬ್ಬಳೇ. ಸೇರಿಸಲು ಬಂದ ದಿನ ಅಂಜಿನಪ್ಪ ಟವೆಲ್ಲನ್ನು ಕಂಕುಳಲ್ಲಿಟ್ಟುಕೊಂಡು ಅಲಮೇಲಮ್ಮನ ಮುಂದೆ ನಿಂತು ಖಡಾಖಂಡಿತವಾಗಿ ಹೇಳಿದ್ದ:

“ನೋಡ್ರಮ್ಮಾ, ಓದ್ತೀನಿ ಅಂತ ಅತ್ತವಳೆ, ಅದ್ಕೆ ಸೇರಿಸ್ತಾ ಇವ್ನಿ. ಹಾಸ್ಟೆಲ್ ಐತೆ ಅಂದ್ರು, ಆಗ್ಲಿ. ಒಂದ್ ಸಲ ಫೇಲಾದ್ಲೋ, ಮುಗೀತು. ಕುಣಿಗಲ್ಲಲ್ಲಿ ಹೊಲಿಗೆ ಕಲ್ಯಾಕ್ ಹಾಕ್ಬುಡ್ತೀನಿ. ಆಮ್ಯಾಕೆ ನೀವು ನನ್ನೇನೂ ಅನ್ನಂಗಿಲ್ಲ.”

ನಿಂಗಮ್ಮ ಫೇಲಾಗುವ ಪೈಕಿಯಲ್ಲವೆಂದು ಅಲಮೇಲಮ್ಮನಿಗೆ ತಿಂಗಳೊಳಗೇ ಗೊತ್ತಾಯಿತು. ಬಾವಿಯ ರಾಟೆಯ ವಿಷಯ ಹೇಳಿದರೆ, ರಾಟೆಯ ಅಗಲ ಹೆಚ್ಚಿಸಿದರೆ ಕೈನೋವು ಕಮ್ಮಿಯಾಗುತ್ತದೆಯೇ ಎಂದು ಕೇಳುವ ಹುಡುಗಿ. ಕನ್ನಡ ಅಕ್ಷರದ ಇಂಗ್ಲಿಷನ್ನು ಎಲ್ಲರಿಗಿಂತ ಮೊದಲು ಬಾಯಿಗೆ ತಂದುಕೊಂಡವಳು ಅವಳೇ. ತಿಂಗಳ ಟೆಸ್ಟುಗಳಲ್ಲಿ ಅರ್ಧ ಉತ್ತರ ಹಾಗೆಯೇ ಬರೆದಿದ್ದಳು. ಅಲಮೇಲಮ್ಮ ಪೂರ್ತಿ ಮಾರ್ಕ್ಸ್ ಕೊಟ್ಟು, “ಪರವಾಗಿಲ್ಲ, ಬರಿ ನೀನು, ವಿಷಯ ಸರಿಯಾಗಿದೆ,” ಎಂದು ಬೆನ್ನು ತಟ್ಟಿದ್ದರು. ಉಳಿದವರು ಮೇಡಂ ಹೇಳಿದ್ದಕ್ಕೆಲ್ಲ ಹೂಂಗುಟ್ಟಿ, ಹಾಸ್ಟೆಲಿಗೆ ಹೋಗಿ ಗೈಡು ಉರು ಹೊಡೆಯುತ್ತಿದ್ದರು. ಮೇಡಮ್ಮನ್ನು ಪೂರ್ತಿ ನಂಬಿದವಳು ನಿಂಗಮ್ಮ ಒಬ್ಬಳು.

ಏಪ್ರಿಲ್‌ನಲ್ಲಿ ಪರೀಕ್ಷೆ. ಮೊದಲ ವರ್ಷದ ಪಿಯುಸಿಯಾದ್ದರಿಂದ ಕಾಲೇಜಿನವರೇ ಪೇಪರು ತೆಗೆದು, ಕಾಲೇಜಿನವರೇ ತಿದ್ದುವುದು. ಚಳವಳಿಯ ಗಲಾಟೆಯಲ್ಲಿ ಬಸ್ಸು ನಿಂತು ಎರಡು ದಿನ ಮುಂದಕ್ಕೆ ಹೋದ ಫಿಸಿಕ್ಸ್ ಪೇಪರು ಕೊನೆಗೂ ನಡೆಯಿತು. ಅಲಮೇಲಮ್ಮ ತಿದ್ದಲು ಕೂತರು. ಕಟ್ಟಿನಲ್ಲಿ ಮೂವತ್ತನೆಯದೋ ಏನೋ ಒಂದು ಪೇಪರು ತೆಗೆದಾಗ ಅವರ ಕೈ ನಿಂತಿತು.

ಮೊದಲ ಎರಡು ಪುಟ ಇಂಗ್ಲಿಷ್ ಅಕ್ಷರದಲ್ಲಿದ್ದವು. ಒಂದೊಂದೇ ಅಕ್ಷರ ಕೂರಿಸಿ ಕೂರಿಸಿ, ತಿದ್ದಿ ತಿದ್ದಿ ಬರೆದ ಪುಟಗಳು. ಆಮೇಲೆ ಗಂಟೆ ಹೊಡೆದಿರಬೇಕು, ಹುಡುಗಿಗೆ ಹೊತ್ತು ಸಾಲದೆಂದು ಗಾಬರಿಯಾಗಿರಬೇಕು. ಮೂರನೆಯ ಪುಟದಿಂದ ಕೊನೆಯವರೆಗೆ ಕನ್ನಡ ಅಕ್ಷರ, ಒಂದೇ ಓಟದಲ್ಲಿ, ಒಂದು ಚಿತ್ತೂ ಇಲ್ಲದೆ. ಮಾತೆಲ್ಲ ಇಂಗ್ಲಿಷು. ಲೆಕ್ಕವೆಲ್ಲ ಸರಿ, ಚಿತ್ರವೆಲ್ಲ ಸರಿ, ಕಾರಣವೆಲ್ಲ ಸರಿ. ಪೇಪರಿನ ಮೇಲೆ ಹೆಸರಿರಲಿಲ್ಲ, ನಂಬರಿತ್ತು. ಹೆಸರು ಯಾಕೆ ಬೇಕು? ನಿಂಗಮ್ಮನ ಕೈಬರಹ ಅಲಮೇಲಮ್ಮನಿಗೆ ಗೊತ್ತಿತ್ತು.

‘ಉತ್ತರಗಳನ್ನು ಇಂಗ್ಲಿಷ್ ಭಾಷೆಯಲ್ಲಿ ಬರೆಯತಕ್ಕದ್ದು’ ಎಂದು ಪ್ರಶ್ನೆಪತ್ರಿಕೆಯ ತಲೆಯ ಮೇಲೇ ಅಚ್ಚಾಗಿತ್ತು. ಇದು ಇಂಗ್ಲಿಷ್ ಭಾಷೆ ಹೌದೋ ಅಲ್ಲವೋ? ಮೊದಲ ಎರಡು ಪುಟ ಮಾತ್ರ ಲೆಕ್ಕಕ್ಕಿಟ್ಟರೆ ಇಪ್ಪತ್ತೆರಡು. ಎಲ್ಲ ಸೇರಿಸಿದರೆ ಅರವತ್ತೊಂದು. ಪಾಸಿಗೆ ಮೂವತ್ತೈದು ಬೇಕು. ಅವರು ತಮ್ಮ ಕಾಲೇಜಿನ ದಿನಗಳನ್ನು ನೆನೆದುಕೊಂಡು, ದೇವರನ್ನೂ ನೆನೆದುಕೊಂಡು ಅರವತ್ತೊಂದು ಎಂದು ಬರೆದು ಕಟ್ಟು ಕಟ್ಟಿದರು. ತಪ್ಪು ಮಾಡಿದೆನೆಂದು ಅನ್ನಿಸಲಿಲ್ಲ. ಭಯವಂತೂ ಆಯಿತು.

ಹತ್ತು ಪೇಪರಿಗೆ ಒಂದನ್ನು ಪ್ರಿನ್ಸಿಪಾಲರು ತೆಗೆದು ನೋಡುವುದು ಆ ಕಾಲೇಜಿನ ಕ್ರಮ. ಹಣೆಬರಹ ನೋಡಿ, ಅವರ ಕೈಗೆ ಅದೇ ಸಿಕ್ಕಿತು. ಮಾರನೆಯ ದಿನ ಬೆಳಗ್ಗೆ ಕರೆ ಬಂತು. ಅಲಮೇಲಮ್ಮ ಹೋದಾಗ ಪ್ರಿನ್ಸಿಪಾಲರ ಮೇಜಿನ ಮೇಲೆ ಪೇಪರಿತ್ತು. ಪರೀಕ್ಷೆಯ ಉಸ್ತುವಾರಿ ಹೊತ್ತಿದ್ದ ಸೀತಾರಾಮಯ್ಯನವರೂ ಅಲ್ಲೇ ಕೂತಿದ್ದರು.

“ಏನು ಮೇಡಂ ಇದು? ಸೈನ್ಸ್ ಪೇಪರನ್ನ ಕನ್ನಡದಲ್ಲಿ ಬರೆದವಳಿಗೆ ಅರವತ್ತೊಂದು?”

“ಕನ್ನಡದಲ್ಲಿ ಬರೆದಿಲ್ಲ ಸಾರ್.”

“ಮತ್ತೆ ಇದೇನು, ತೆಲುಗೇ?”

“ಸ್ವಲ್ಪ ಗಟ್ಟಿಯಾಗಿ ಓದಿ ಸಾರ್.”

ವೆಂಕಟೇಶಯ್ಯನವರು ಕನ್ನಡಕ ಏರಿಸಿಕೊಂಡು ಓದಿದರು. “ದಿ ವೆಲಾಸಿಟಿ ಆಫ್ ಸೌಂಡ್ ಇನ್ ಏರ್ ಇನ್‌ಕ್ರೀಸಸ್ ವಿತ್ ಟೆಂಪರೇಚರ್…” ಮೂವತ್ತು ವರ್ಷ ಪಾಠ ಹೇಳಿದ ದನಿ ಅದು. ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿ, ಎಲ್ಲಿ ತಡೆಯಬೇಕೋ ಅಲ್ಲಿ ತಡೆದು ಓದುತ್ತ ಓದುತ್ತ ಅರ್ಧ ಪುಟಕ್ಕೆ ಬಂದವರು ನಿಂತುಬಿಟ್ಟರು.

“ನೀವು ಓದಿದ್ದು ಯಾವ ಭಾಷೆ ಸಾರ್?” ಎಂದು ಅಲಮೇಲಮ್ಮ ಮೆಲ್ಲಗೆ ಕೇಳಿದರು.

ಪ್ರಿನ್ಸಿಪಾಲರು ಪಕ್ಕದ ಕುರ್ಚಿಯ ಕಡೆ ತಿರುಗಿದರು. “ಏನ್ರೀ ಸೀತಾರಾಮಯ್ಯ, ಇದು ಕನ್ನಡ ತಾನೆ?”

“ಖಂಡಿತಾ ಅಲ್ಲ,” ಎಂದರು ಸೀತಾರಾಮಯ್ಯ. “ಇದರಲ್ಲಿ ಹುಡುಕಿದರೂ ಒಂದು ಕನ್ನಡ ಪದ ಸಿಗೋದಿಲ್ಲ. ಇದನ್ನ ಕನ್ನಡ ಅಂತ ನಾನು ಒಪ್ಪಿದರೆ ನಾಳೆ ಮೆರವಣಿಗೇಲಿ ಯಾವ ಮುಖ ಇಟ್ಕೊಂಡು ನಡೀಲಿ?”

“ಹಾಗಿದ್ರೆ ಇಂಗ್ಲಿಷ್ ಅಂತಾದ್ರೂ ಹೇಳಿ ಮೇಷ್ಟ್ರೇ.”

“ಅದನ್ನ ನಾನು ಹೇಗೆ ಹೇಳಲಮ್ಮ? ಅದು ಸಾಹೇಬರಿಗೆ ಸೇರಿದ್ದು.”

“ಇಂಗ್ಲಿಷ್ ಅಂದ್ರೆ ಇಂಗ್ಲಿಷ್ ಅಕ್ಷರವೂ ಸೇರಿ,” ಎಂದರು ಸಾಹೇಬರು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುತ್ತಾರಲ್ಲ, ಥೇಟ್ ಹಾಗೇ ಆಯಿತು. ವರ್ಷವೆಲ್ಲ ಒಬ್ಬರ ಮಾತಿಗೆ ಒಬ್ಬರು ಅಡ್ಡ ಹೇಳಿದ ಇಬ್ಬರು ಗಂಡಸರು ಈ ಒಂದು ವಿಷಯದಲ್ಲಿ ಸೊಗಸಾಗಿ ಒಂದಾದರು. ಅಲಮೇಲಮ್ಮನಿಗೆ ಸಿಟ್ಟು ನೆತ್ತಿಗೇರಿತು. “ರೂಲ್ಸಲ್ಲಿ ಭಾಷೆ ಅಂತಿದೆ ಸಾರ್, ಅಕ್ಷರ ಅಂತ ಇಲ್ಲ. ಆ ಹುಡುಗಿಗೆ ಗೊತ್ತಿರೋದು ನಮ್ಮ ಮುಂದೇ ಇದೆ. ಗೊತ್ತಿದ್ದೂ ಗೊತ್ತಿಲ್ಲ ಅಂತ ಹೇಗೆ ಬರೆಯೋದು?” ಎಂದು ಜೋರಾಗಿಯೇ ಕೇಳಿದರು. ಕೆಮಿಸ್ಟ್ರಿ ಕೋಣೆಗೂ ಕೇಳಿಸಿರಬೇಕು.

ವೆಂಕಟೇಶಯ್ಯನವರು ಗದರಲಿಲ್ಲ. ಕನ್ನಡಕ ತೆಗೆದಿಟ್ಟು, “ಕೂತ್ಕೊಳ್ಳಿ ಮೇಡಂ,” ಎಂದರು. “ಇವತ್ತು ನಾನು ಇವಳನ್ನ ದಾಟಿಸಿದೆ ಅಂತಲೇ ಇಟ್ಕೊಳ್ಳಿ. ಬರೋ ವರ್ಷ ಪಬ್ಲಿಕ್ ಪರೀಕ್ಷೆ. ಅಲ್ಲಿ ಪೇಪರ್ ತಿದ್ದೋರು ನೀವಲ್ಲ, ನಾನಲ್ಲ, ಇವಳ ಮುಖ ನೋಡದೇ ಇರೋ ಯಾರೋ ಒಬ್ರು. ಅವರ ಹತ್ರ ಹೋಗಿ ಗಟ್ಟಿಯಾಗಿ ಓದಿ ಸಾರ್ ಅಂತ ಹೇಳೋರು ಯಾರು?”

ಪ್ರಿನ್ಸಿಪಾಲರು ಅರವತ್ತೊಂದನ್ನು ಕೆಂಪು ಶಾಯಿಯಲ್ಲಿ ಹೊಡೆದು ಇಪ್ಪತ್ತೆರಡು ಎಂದು ಬರೆದು ಸಹಿ ಹಾಕಿದರು. ಜೂನ್‌ನಲ್ಲಿ ಸಪ್ಲಿಮೆಂಟರಿ ಇದೆ, ಕೂರಲಿ ಎಂದರು. ಸೀತಾರಾಮಯ್ಯನವರು ಎದ್ದು ಹೋಗುವಾಗ, “ತಪ್ಪು ತಿಳೀಬೇಡಿ ತಾಯಿ,” ಎಂದರು. ಅವರ ಕಣ್ಣಲ್ಲೂ ನೀರಿತ್ತೆಂಬುದು ನಿಜ. ಆ ನೀರಿನಿಂದ ಯಾವ ಮಾರ್ಕ್ಸೂ ಬರುವಂತಿರಲಿಲ್ಲ.

ಜೂನ್‌ನಲ್ಲಿ ಕೂರಲಿ ಎನ್ನುವುದು ಸುಲಭ. ಕೂರಲು ಹುಡುಗಿ ಬರಬೇಕಲ್ಲ. ರಿಸಲ್ಟ್ ಕಾರ್ಡು ಕೊತ್ತಗೆರೆಗೆ ತಲುಪಿದ ದಿನವೇ ಅಂಜಿನಪ್ಪ ಹೊಲಿಗೆ ಕ್ಲಾಸಿಗೆ ಹೊರಡಿಸುತ್ತಾನೆ. ಕಾರ್ಡಿಗಿಂತ ಮೊದಲು ತಾನು ತಲುಪಬೇಕೆಂದು ಅಲಮೇಲಮ್ಮ ಮರುದಿನ ಬೆಳಗ್ಗೆಯೇ ಕುಣಿಗಲ್ ಬಸ್ಸು ಹತ್ತಿದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅಂಜಿನಪ್ಪನಿಗೆ ಹೇಳಬೇಕಾದ ಮಾತನ್ನು ಹೊಂದಿಸಿಕೊಳ್ಳುತ್ತಿದ್ದರು. ತಪ್ಪು ರೂಲ್ಸಿನದು, ಪ್ರಿನ್ಸಿಪಾಲರದು, ಸರ್ಕಾರದ್ದು. ಹಾಗೆ ಬರೆದೇ ತಾನು ಎಮ್ಮೆಸ್ಸಿವರೆಗೆ ಬರಲಿಲ್ಲವೇ? ಬಂದೆ, ಸರಿ. ಪರೀಕ್ಷೆಯಲ್ಲೂ ಹಾಗೇ ಬರೆದಿದ್ದೆನೇ? ಇಲ್ಲ. ಮತ್ತೆ ಹೇಗೆ ಬರೆದೆ? ಆಗ ಅವರಿಗೆ ಹತ್ತು ವರ್ಷದಿಂದ ಒಮ್ಮೆಯೂ ನೆನಪಾಗದಿದ್ದ ಒಂದು ವಿಷಯ ನೆನಪಾಯಿತು. ರೈಲಿಳಿದು ಮನೆಗೆ ಹೋದ ಮೇಲೆ, ದಿನಾ ಸಂಜೆ ಜಗಲಿಯಲ್ಲಿ ಕೂತು, ಕನ್ನಡ ಅಕ್ಷರದಲ್ಲಿದ್ದ ಪ್ರತಿ ಸಾಲನ್ನೂ ಟೆಕ್ಸ್ಟ್ ಪುಸ್ತಕ ಪಕ್ಕಕ್ಕಿಟ್ಟುಕೊಂಡು ಇಂಗ್ಲಿಷ್ ಅಕ್ಷರಕ್ಕೆ ಇಳಿಸುತ್ತಿದ್ದರು. ಬೆರಳು ಮರಗಟ್ಟುವವರೆಗೆ. ಎರಡು ವರ್ಷ, ಒಂದು ದಿನ ತಪ್ಪದೆ.

ಆ ಅರ್ಧವನ್ನು ಅವರು ಮಕ್ಕಳಿಗೆ ಹೇಳಿಯೇ ಇರಲಿಲ್ಲ. ಮಾಡಿಸಿಯೂ ಇರಲಿಲ್ಲ. ಬಸ್ಸು ಕುಣಿಗಲ್ ಮುಟ್ಟುವ ಹೊತ್ತಿಗೆ ಹೊಂದಿಸಿಟ್ಟ ಮಾತೆಲ್ಲ ಕರಗಿಹೋಗಿ, ಕೊತ್ತಗೆರೆಗೆ ಬೇರೆ ಬಸ್ಸು ಹತ್ತಿದಾಗ ಅವರು ಬರಿಗೈಯಲ್ಲಿದ್ದರು.

ಅಂಜಿನಪ್ಪನ ಅಂಗಳದಲ್ಲಿ ಹುಣಸೆಹಣ್ಣಿನ ರಾಶಿ. ನಿಂಗಮ್ಮ ಒಂದು ಸಣ್ಣ ಕೊಡತಿ ಹಿಡಿದು ಹಣ್ಣು ಬಡಿದು ಬೀಜ ತೆಗೆಯುತ್ತಿದ್ದಳು. ಮೇಡಮ್ಮನ್ನು ಕಂಡು ಎದ್ದವಳು, ಮುಖ ನೋಡಿ ಹಾಗೇ ನಿಂತಳು. ಅಂಜಿನಪ್ಪ ಚಾಪೆ ಹಾಸಿದ, ಮಜ್ಜಿಗೆ ತರಿಸಿದ. ಅಲಮೇಲಮ್ಮ ಮಜ್ಜಿಗೆ ಮುಟ್ಟದೆ ಸುದ್ದಿ ಹೇಳಿದರು.

ಅಂಜಿನಪ್ಪ ಮಗಳ ಕಡೆ ನೋಡಿ ಕೇಳಿದ: “ಇವ್ಳಿಗೆ ಪಾಠ ಬರ್ತಿರ್ನಿಲ್ವಾ?”

“ಬರ್ತಿತ್ತು. ಕ್ಲಾಸಿಗೆಲ್ಲ ಇವಳಿಗೇ ಚೆನ್ನಾಗಿ ಬರ್ತಿತ್ತು.”

“ಮತ್ಯಾಕೆ ಫೇಲು?”

“ಬರೀಬೇಕಾದ ಅಕ್ಷರದಲ್ಲಿ ಬರೀಲಿಲ್ಲ. ಹಾಗೆ ಬರೀಬಹುದು ಅಂತ ಹೇಳಿದ್ದು ನಾನು.”

“ಅಂದ್ರೆ ತಪ್ಪು ಯಾರ್ದು ಅಂತೀರಿ?”

“ನಂದು.”

ಅಂಜಿನಪ್ಪ ಅವರನ್ನೇ ದಿಟ್ಟಿಸಿದ. ತಾಲ್ಲೂಕು ಕಚೇರಿ, ಸೊಸೈಟಿ, ಆಸ್ಪತ್ರೆ, ಎಲ್ಲ ಕಡೆ ಓದಿದವರ ಮುಂದೆ ಕೈಕಟ್ಟಿ ನಿಂತು ಬಂದ ಮನುಷ್ಯ. ತಪ್ಪು ನನ್ನದು ಎಂದು ಓದಿದವರೊಬ್ಬರು ಹೇಳಿದ್ದು ಅವನು ಕೇಳಿದ್ದು ಅದೇ ಮೊದಲು. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

“ಫೇಲಾದೋರು ನೀವು ಅಂದ್ಮ್ಯಾಕೆ ಇವ್ಳುನ್ನ ಯಾಕೆ ಮನೇಲ್ ಕೂರಿಸ್ಲಿ, ಬುಡಿ. ನನ್ ಮಾತಿಗೆ ನಾನು ತಪ್ಪಿದಂಗಾಗ್ನಿಲ್ಲ. ಇವ್ಳು ಜೂನಿಗೆ ಕೂತ್ಕಳ್ಲಿ. ಏನ್ಲೇ ಮಗಾ?”

“ನಾನ್ ಬರಲ್ಲ,” ಎಂದಳು ನಿಂಗಮ್ಮ.

ಅಲಮೇಲಮ್ಮನಿಗೆ ಇದು ನಿರೀಕ್ಷೆಯಲ್ಲಿರಲಿಲ್ಲ. ಅಪ್ಪನನ್ನು ಒಪ್ಪಿಸಲು ಬಂದವರು ಮಗಳ ಮುಂದೆ ತಬ್ಬಿಬ್ಬಾದರು. ಹುಡುಗಿ ಅಳಲಿಲ್ಲ. ಕೊಡತಿಯನ್ನು ಕೆಳಗಿಟ್ಟು, ಹುಣಸೆ ಅಂಟಿದ ಕೈಯನ್ನು ಲಂಗಕ್ಕೆ ತಗುಲದಂತೆ ದೂರ ಹಿಡಿದುಕೊಂಡು ಹೇಳಿದಳು:

“ನಂಗೆ ಇಂಗ್ಲಿಷಂದ್ರೆ ಭಯ ಇತ್ತು ಮೇಡಂ. ನೀವು ಭಯ ಬುಡಿಸಿದ್ರಿ. ಆಮೇಲೆ ಅಲ್ಲೇ ಬುಟ್ಬುಟ್ರಿ. ಬೇರೇರೆಲ್ಲ ಗೈಡ್ ನೋಡ್ಕೊಂಡು ಪಾಸಾಗಿರ್ತಾರೆ. ನಾನು ನೀವು ಹೇಳಿದ್ದು ಕೇಳ್ದೆ.”

ಐದು ವಾಕ್ಯ. ಅಲಮೇಲಮ್ಮ ಅದಕ್ಕೆ ಮೊದಲೂ ಆಮೇಲೂ ಅಷ್ಟು ನೊಂದದ್ದಿಲ್ಲ. ತಲೆ ತಗ್ಗಿಸಿ ಜಗಲಿಯ ಕಥೆ ಹೇಳಿದರು. ದಿನಾ ಸಂಜೆ ತಾನು ತಿರುಗಿಸಿ ಬರೆಯುತ್ತಿದ್ದುದನ್ನು ಹೇಳಿದರು.

“ನಮಗ್ಯಾಕೆ ಹೇಳ್ನಿಲ್ಲ?”

“ಮರೆತೆ,” ಎಂದವರು, ಅದಷ್ಟೇ ನಿಜವಲ್ಲವೆನ್ನಿಸಿ ಮತ್ತೆ ಬಾಯಿ ತೆರೆದರು. “ನೀವೆಲ್ಲ ಖುಷಿಯಾಗಿ ಗಟ್ಟಿಯಾಗಿ ಓದ್ತಿದ್ರಿ. ಅದನ್ನ ಕೇಳೋದೇ ನನಗೆ ಸುಖವಾಗಿತ್ತು. ಕಷ್ಟದ ಕೆಲಸ ಕೊಟ್ರೆ ನೀವೂ ನನ್ನ ಹಾಗೆ ಅಳ್ತೀರೇನೋ ಅಂತ ಮುಂದೂಡಿದೆ.”

ನಿಂಗಮ್ಮ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದಳು. ಬಹಳ ಹೊತ್ತು ತೊಳೆದಳು.

“ಪರೀಕ್ಷೆಗೆ ಎಷ್ಟ್ ದಿನ ಐತೆ?”

“ನಲವತ್ತು.”

“ಈ ಸಲ ಬೋರ್ಡ್ ಮೇಲೆ ಕನ್ನಡದಲ್ಲಿ ಬರೀಬ್ಯಾಡಿ, ಹಂಗಾದ್ರೆ ಬತ್ತೀನಿ,” ಎಂದಳು.

ಅಲಮೇಲಮ್ಮ ಒಪ್ಪಿದರು. ಹಾಸ್ಟೆಲಿಗೆ ರಜೆಯಾದ್ದರಿಂದ ಹುಡುಗಿ ಬಟವಾಡಿಯ ಮನೆಯಲ್ಲೇ ಉಳಿದಳು. ಬೆಳಗ್ಗೆ ಹತ್ತು ಸಾಲು, ಮಧ್ಯಾಹ್ನ ಹತ್ತು ಸಾಲು, ಸಂಜೆ ಅದೇ ಇಪ್ಪತ್ತನ್ನು ನೋಡದೆ ಬರೆಯಬೇಕು. ಬಾಯಲ್ಲಿ ನೀರಿನಂತೆ ಹರಿಯುವ ವಾಕ್ಯ ಕೈಗೆ ಬರುವಾಗ ಕಲ್ಲಾಗುತ್ತಿತ್ತು. ನಿಂಗಮ್ಮ ಎರಡು ಸಲ ನೋಟ್‌ಬುಕ್ ಎಸೆದಳು, ಒಂದು ಸಲ ಗಂಟು ಕಟ್ಟಿಕೊಂಡು ಬಸ್ ಸ್ಟಾಪಿನವರೆಗೆ ಹೋಗಿ ವಾಪಸ್ಸು ಬಂದಳು. ಸುಬ್ಬಕೃಷ್ಣ ವರ್ಕ್‌ಶಾಪಿನಿಂದ ಬರುವಾಗ ಇಬ್ಬರಿಗೂ ಬಿಸಿ ಬೋಂಡ ತರುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ಆ ಮನೆಯಲ್ಲಿ ಆಗ ಯಾರು ಏನಂದರೂ ತಪ್ಪಾಗುತ್ತಿತ್ತು.

ಜೂನ್ ಕೊನೆಯಲ್ಲಿ ಸಪ್ಲಿಮೆಂಟರಿ ಆಯಿತು. ಈ ಸಲ ಅಲಮೇಲಮ್ಮ ತಾವಾಗಿ ದೂರ ನಿಂತರು, ಬೇರೆ ಲೆಕ್ಚರರು ಪೇಪರು ತಿದ್ದಿದರು. ರಿಸಲ್ಟಿನ ದಿನ ನಿಂಗಮ್ಮ ನೋಟಿಸ್ ಬೋರ್ಡ್ ನೋಡಿ ಓಡಿ ಬಂದಳು. ಫಿಸಿಕ್ಸ್, ಮೂವತ್ತೊಂಬತ್ತು. ಪಾಸು.

ಕಾಲೇಜೆಲ್ಲ ಖುಷಿಯಾಯಿತು. “ನೋಡಿದ್ರಾ, ರೂಲ್ಸ್ ಪ್ರಕಾರವೇ ದಾಟಿದ್ಲು,” ಎಂದರು ಪ್ರಿನ್ಸಿಪಾಲರು. “ನಮ್ಮ ಕನ್ನಡದ ಹುಡುಗಿ,” ಎಂದು ಸೀತಾರಾಮಯ್ಯನವರು ತಾವೇ ಅರ್ಧ ಕೇಜಿ ಮೈಸೂರು ಪಾಕು ತರಿಸಿ ಸ್ಟಾಫ್ ರೂಮಿಗೆಲ್ಲ ಹಂಚಿದರು. ಅಲಮೇಲಮ್ಮ ಒಂದು ತುಂಡು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಅರವತ್ತೊಂದು ಮಾರ್ಕ್ಸಿನಷ್ಟು ಗೊತ್ತಿದ್ದ ಹುಡುಗಿಗೆ ಮೂವತ್ತೊಂಬತ್ತು ಬಂದರೆ ಸಂತೋಷಪಡಬೇಕೇ? ಕಮ್ಮಿಯಾದ ಇಪ್ಪತ್ತೆರಡು ಎಲ್ಲಿ ಹೋದವೆಂದು ಈ ಇಬ್ಬರಲ್ಲಿ ಒಬ್ಬರೂ ಕೇಳುವುದಿಲ್ಲವಲ್ಲ ಎಂದು ಅವರಿಗೆ ದುಃಖ ಒತ್ತರಿಸಿ ಬಂತು. ಎದ್ದು ವರಾಂಡಕ್ಕೆ ಬಂದರು. ನಿಂಗಮ್ಮ ಅಲ್ಲೇ ಕಾಯುತ್ತಿದ್ದಳು.

“ಯಾಕೆ ಮೇಡಂ ಅಳ್ತಿದೀರ?”

“ನಿನಗೆ ಬರಬೇಕಾದ್ದು ಅರವತ್ತೊಂದು ಕಣೇ.”

ಹುಡುಗಿ ಆಫೀಸಿನಲ್ಲಿ ಕೊಟ್ಟ ಮಾರ್ಕ್ಸ್ ಕಾರ್ಡನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಸೇರಿಸಿದಳು.

“ಆ ಅರವತ್ತೊಂದು ನೀವು ಕೊಟ್ಟಿದ್ದು ಮೇಡಂ. ಅವರು ಒಂದ್ ಗೀಟು ಎಳೆದ್ರು, ಹೋಯ್ತು. ಈ ಮೂವತ್ತೊಂಬತ್ತನ್ನ ಯಾರ್ ಬಂದು ಹೊಡೆದು ಹಾಕ್ತಾರೆ ನೋಡಾಣ.”

ಹಾಗೆಂದು, ನಾಲ್ಕು ಗಂಟೆಯ ಕುಣಿಗಲ್ ಬಸ್ಸು ತಪ್ಪಿದರೆ ಅಪ್ಪನಿಗೆ ಇವತ್ತು ತೋರಿಸಲಾಗುವುದಿಲ್ಲವೆಂದು ಗೇಟಿನ ಕಡೆ ಓಡಿದಳು.